ಜೀವನಾಂಶದ ಆರ್ಡರ್ ಆಗ್ಯದ, ರೊಕ್ಕ ಮಾತ್ರ ಬರವಲ್ದು. ಮುಂದ ಏನ್ ಮಾಡ್ಬೇಕು ಹೇಳ್ರಿ

ಸಿಂಧನೂರು ತಮ್ಮ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಅಕ್ಕಂದು ವಿಷಯ, ಸ್ವಲ್ಪ ಉದ್ದ ಅದ, ಪೂರಾ ಓದಿ ಹೇಳ್ರಿ. ಅಕ್ಕನ್ನ ಬಳ್ಳಾರಿ ಕಡಿ ಕೊಟ್ಟಿದ್ವಿ, ಭಾವ ತೋರಣಗಲ್ಲು ಕಡಿ ಒಂದು ಪ್ಲಾಂಟಿನಾಗ ಕಾಂಟ್ರ್ಯಾಕ್ಟ್ ಮ್ಯಾಲ ಕ್ರೇನ್ ಆಪರೇಟರ್. ಇಬ್ಬರು ಮಕ್ಕಳು, ದೊಡ್ಡಾಕಿ ನಾಕನೇತ್ತ, ಸಣ್ಣವ ಅಂಗನವಾಡಿ. ಕುಡಿಯೋದು ಹೊಡಿಯೋದು ಜಾಸ್ತಿ ಆಗಿ ಅಕ್ಕ ತವರಿಗೆ ಬಂದುಬಿಟ್ಟಳು, ಹಿರಿಯರು ಕುಂತು ಪಂಚಾಯ್ತಿ ಮಾಡಿದ್ರು, ಅದು ನಡಿಲಿಲ್ಲ, ಕಡೀಗೆ ಸಿಂಧನೂರು ಕೋರ್ಟಿನಾಗ ಕೇಸ್ ಹಾಕಿದ್ವಿ. ಹೋದ ವರ್ಷ ದೀಪಾವಳಿ ಹಿಂದಿನ ವಾರ ಆರ್ಡರ್ ಆಯ್ತು, ಅಕ್ಕಗ 4,000, ಮಕ್ಕಳಿಗೆ ತಲಾ 3,000, ಅರ್ಜಿ ಹಾಕಿದ ದಿನದಿಂದ ಲೆಕ್ಕ. ಅವತ್ತು ಪೇಡೆ ಹಂಚಿದ್ವಿ. ಇವತ್ತಿಗೂ ಒಂದ್ ರೂಪಾಯಿ ಬಂದಿಲ್ಲ. ಫೋನ್ ಹಚ್ಚಿದ್ರ "ಕೋರ್ಟಿಗೆ ಹೋಗಿದ್ರಲ್ಲ, ಕೋರ್ಟಿನ ಕಡಿಂದನೇ ಇಸ್ಕೊಳ್ರಿ" ಅಂತಾನ. ಸ್ಟೇಷನ್‌ಗೆ ಹೋದ್ರ ಇದು ಕೋರ್ಟಿನ ಮ್ಯಾಟರ್ ನಮ್ಮದೇನಿಲ್ಲ ಅಂದ್ರು. ಹಂಗಾದ್ರ ಆರ್ಡರ್ ಯಾತಕ್ಕ ಕೊಟ್ರು ಅಂತ ತಿಳಿವಲ್ದು.

ಕೊಪ್ಪಳ ಟೀಚರ್:
ತಮ್ಮಾ, ಆರ್ಡರ್ ಬಂದ ಕೂಡ್ಲೇ ರೊಕ್ಕ ತಾನಾಗೇ ಬರತೈತಿ ಅಂತ ಎಲ್ಲಾರೂ ತಿಳಕೊಂತಾರ. ಬರಂಗಿಲ್ಲ. ವಸೂಲಿಗೆ ಮತ್ತೊಂದು ಅರ್ಜಿ ಹಾಕ್ಬೇಕು. ಹಾಕೀರೇನು?

ಸಿಂಧನೂರು ತಮ್ಮ:
ಇಲ್ರಿ ಅಕ್ಕಾರ. ನಮ್ಮ ವಕೀಲರು ನೋಡೋಣ ನೋಡೋಣ ಅನಕೋತ ಬಂದಾರ.

ಬಳ್ಳಾರಿ ವಕೀಲ:
ಮೊದ್ಲು ಒಂದು ವಿಷಯ ಕ್ಲಿಯರ್ ಮಾಡ್ಕಳ್ಳಿ, ಯಾಕಂದ್ರೆ ನಿಮ್ಗೆ ಟೈಮ್ ಕಡಿಮೆ ಐತೆ. ಜೀವನಾಂಶದ ಕೇಸಿಗೆ ನಾವೆಲ್ಲ ಈಗ್ಲೂ 125 ಕೇಸ್ ಅಂತೀವಿ, ಆದ್ರೆ 2024 ಜುಲೈ 1ರಿಂದ ಕ್ರಿಮಿನಲ್ ಕೇಸ್ ನಡೆಸೋ ಹಳೇ ಕಾಯ್ದೆ ಸಿಆರ್‌ಪಿಸಿ ಹೋಗಿ ಹೊಸ ಕಾಯ್ದೆ ಬಿಎನ್ಎಸ್ಎಸ್ ಬಂದೈತೆ, ಅದ್ರಲ್ಲಿ ಇದು ಸೆಕ್ಷನ್ 144. ಒಳಗಿನ ಹೂರಣ ಹೆಚ್ಚುಕಮ್ಮಿ ಅದೇ. ಅದ್ರಲ್ಲಿ ಒಂದು ಮಾತೈತೆ, ಬಾಕಿ ಯಾವತ್ತು ಕೊಡ್ಬೇಕಾಗಿತ್ತೋ ಆ ದಿನದಿಂದ ಒಂದು ವರ್ಷದ ಒಳಗೆ ವಸೂಲಿ ಅರ್ಜಿ ಹಾಕ್ಬೇಕು, ಇಲ್ಲಾಂದ್ರೆ ಆ ಬಾಕಿಗೆ ವಾರಂಟ್ ಕೊಡಲ್ಲ. ನಿಮ್ಮದ್ರಲ್ಲಿ ಅರ್ಜಿ ಹಾಕಿದ ದಿನದಿಂದ ಆರ್ಡರ್ ದಿನದ ತನಕ ಸೇರಿದ ದೊಡ್ಡ ಮೊತ್ತ ಸಾಮಾನ್ಯವಾಗಿ ಆರ್ಡರ್ ಆದ ದಿನಕ್ಕೆ ಬಾಕಿ ಆಯ್ತು ಅಂತ ಹಿಡಿತಾರೆ. ಅಂದ್ರೆ ಆರ್ಡರ್ ಆದ ತಾರೀಖಿಗೆ ವರ್ಷ ತುಂಬೋದ್ರೊಳಗೆ ಅರ್ಜಿ ಬೀಳ್ಬೇಕು. ಗಣೇಶನ ಹಬ್ಬ ಮುಗೀತು, ದಸರಾ ರಜಾ ಬೇರೆ ಬರ್ತೈತೆ. ನೋಡೋಣ ಅನ್ನೋರ ಹತ್ರ ಕೂತ್ಕಬೇಡಿ.

ಸಂಡೂರು ಹುಡುಗ:
ಅಣ್ಣ ವರ್ಷ ಮೀರಿಬಿಟ್ರೆ ಆ ದುಡ್ಡು ಪೂರ್ತಿ ಹೋಯ್ತಾ?

ಬಳ್ಳಾರಿ ವಕೀಲ:
ಹೋಗಲ್ಲ. ಆ ಬಾಕಿಗೆ ವಾರಂಟ್ ದಾರಿ ಮುಚ್ತೈತೆ ಅಷ್ಟೆ, ಸಾಲ ಸಾಲನೇ. 2013ರಲ್ಲಿ ಪೂಂಗೋಡಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳೈತೆ, ಬೇರೆ ಸಿವಿಲ್ ದಾರಿ ಉಳಿದಿರ್ತೈತೆ ಅಂತ. ಆದ್ರೆ ಸುಲಭದ ದಾರಿ ಬಿಟ್ಟು ಸುತ್ತು ಹಾಕೋದ್ಯಾಕೆ.

ಸಿಂಧನೂರು ತಮ್ಮ:
ಅಯ್ಯೋ ದೇವ್ರ, ಇದನ್ನ ನಮಗ ಯಾರೂ ಹೇಳೇ ಇಲ್ಲ. ಅರ್ಜಿ ಎಲ್ಲಿ ಹಾಕ್ಬೇಕ್ರಿ, ಸಿಂಧನೂರಾಗೋ ಬಳ್ಳಾರಿಯಾಗೋ? ಅವ ಇರೋದು ಅಲ್ಲಿ.

ಬಳ್ಳಾರಿ ವಕೀಲ:
ಎರಡೂ ಕಡೆ ಬರ್ತೈತೆ. ಆರ್ಡರ್ ಮಾಡಿದ ಕೋರ್ಟಲ್ಲೂ ಹಾಕ್ಬಹುದು, ಆ ಮನುಷ್ಯ ಎಲ್ಲಿದಾನೋ ಅಲ್ಲಿನ ಮ್ಯಾಜಿಸ್ಟ್ರೇಟ್ ಹತ್ರನೂ ಹಾಕ್ಬಹುದು, ಸೆಕ್ಷನ್ 147. ತೋರಣಗಲ್ಲು ಬರೋದು ಸಂಡೂರು ತಾಲ್ಲೂಕಿಗೆ. ಅಕ್ಕಗೆ ಓಡಾಟ ಎಲ್ಲಿ ಸಲೀಸೋ ನೋಡ್ಕಳ್ಳಿ. ಇನ್ನೊಂದು, ಆರ್ಡರ್ ಕಾಪಿನ ಅಕ್ಕಗೆ ದುಡ್ಡಿಲ್ಲದೆ ಕೊಡ್ಬೇಕು ಅಂತ ಅದೇ ಸೆಕ್ಷನಲ್ಲೇ ಐತೆ. ಕಾಪಿಗೆ ಅಂತ ಯಾರಾದ್ರೂ ಕೈ ಚಾಚಿದ್ರೆ ಈ ಮಾತು ಹೇಳಿ.

ಕೊಪ್ಪಳ ಟೀಚರ್:
ನಂದು ಹೇಳ್ತೀನಿ ಕೇಳು ತಮ್ಮಾ. ನಾನೂ ಇದನ್ನೆಲ್ಲಾ ಉಂಡಾಕಿನ. ನಮ್ಮ ಮನಿಯವರು ಅನ್ನಿಸ್ಕೊಂಡವರು ಕೇಸ್ ಬಿದ್ದ ಮ್ಯಾಲ ಗೋವಾಕ್ಕ ಕೆಲಸಕ್ಕ ಹೋಗಿ ಕುಂತ್ರು. ಎಫ್ಎಲ್‌ಡಬ್ಲ್ಯೂ ಅಂತಾರಲ್ಲ, ಫೈನ್ ಲೆವಿ ವಾರಂಟ್, ದಂಡದಂಗ ಬಾಕಿ ವಸೂಲಿ ಮಾಡೋ ಕೋರ್ಟಿನ ಕಾಗದ, ಅದು ಸ್ಟೇಷನ್‌ಗೆ ಹೋಗೋದು, "ಆಸಾಮಿ ಊರಾಗ ಇಲ್ಲ" ಅಂತ ಬರದು ವಾಪಸ್ ಬರೋದು, ಮುಂದಿನ ತಾರೀಖು ಬೀಳೋದು. ನಾನು ತಿಂಗಳ ತಿಂಗಳ ಸಿಎಲ್ ಹಾಕಿ ಕೋರ್ಟಿನ ವರಾಂಡದಾಗ ನಿಂದ್ರೋದು. ಆಮ್ಯಾಲ ಆ ಕೋರ್ಟ್ ಡ್ಯೂಟಿ ಪೇದೆ ಒಬ್ಬಾಂವ, ಪಾಪ ಒಳ್ಳೆ ಮನುಷ್ಯ, ಹೇಳಿದ, ಅಕ್ಕಾರ ನೀವು ವಾರಂಟ್ ಕಳಸೋದಲ್ಲ, ಅವ ಊರಿಗೆ ಯಾವಾಗ ಬರ್ತಾನ ಅದನ್ನ ಹೇಳ್ರಿ ಅಂತ. ಗವಿಮಠದ ಜಾತ್ರಿಗೆ ಬರದ ಇರ್ತಾನೇನು? ತೇರಿನ ಮರುದಿನ ನಸುಕಿನಾಗ ಅವರ ಅಣ್ಣನ ಮನ್ಯಾಗ ಸಿಕ್ಕ. ಕೋರ್ಟಿಗೆ ಕರಕೊಂಡು ಬಂದ್ರು. ಜೈಲು ಅಂದ ತಕ್ಷಣ ಮಧ್ಯಾಹ್ನದೊಳಗ ಅವರಣ್ಣ ಗೊಬ್ಬರದ ಅಂಗಡಿ ಕವರಿನಾಗ ನೋಟು ಸುತ್ತಿಕೊಂಡು ಬಂದ. ನೂರರ ನೋಟು ಇನ್ನೂರರ ನೋಟು ಎಲ್ಲಾ ಕಲೆಸಿ, ಕ್ಲರ್ಕ್ ಮುಂದ ಕುಂತು ನಾನೇ ಎಣಿಸಿದೆ, ಎರಡು ಹರಿದ ನೋಟು ಇದ್ವು, ಅವನ್ನ ವಾಪಸ್ ಕೊಟ್ಟು ಬದಲಿ ಇಸ್ಕೊಂಡೆ. ಇಲ್ಲದ ರೊಕ್ಕ ಅರ್ಧ ದಿನದಾಗ ಎಲ್ಲಿಂದ ಬಂತು ಅಂತ ಸಾಹೇಬ್ರು ಕೇಳಿದ್ರು, ಅವ ತಲಿ ತಗ್ಗಿಸಿದ.

ಮಸ್ಕಿ ಕಾಕಾ:
ಎಲ್ಲಾ ಖರೆ, ಆದ್ರ ಕೋರ್ಟ್ ಕಚೇರಿ ಅಂತ ತಿರುಗಿದ್ರ ಚಪ್ಪಲಿ ಸವೀತಾವ, ಸಂಸಾರನೂ ಕೆಡ್ತದ. ಹಿರಿಯರು ಕುಂತು ಒಂದು ಎರಡು ಲಕ್ಷ ಒಮ್ಮೆಗೇ ಇಸ್ಕೊಂಡು, ಬಾಂಡ್ ಪೇಪರ್ ಮ್ಯಾಲ ಸೋಡಚೀಟಿ, ಅಂದ್ರ ಗಂಡ ಹೆಂಡತಿ ಬಿಟ್ಟ ಕಾಗದ, ಬರಸ್ಕೊಂಡು, ಮುಂದ ನಮಗೂ ನಿಮಗೂ ಸಂಬಂಧ ಇಲ್ಲ ಅಂತ ಸಹಿ ಮಾಡಿಸಿಬಿಟ್ರ ಎರಡೂ ಕಡಿ ನೆಮ್ಮದಿ. ನಮ್ಮ ಕಡಿ ಎಷ್ಟೋ ಹಿಂಗ ಮುಗಿಸೀವಿ.

ಬಳ್ಳಾರಿ ವಕೀಲ:
ಕಾಕಾ, ನಿಮ್ಮ ಹಿರಿತನಕ್ಕೆ ಗೌರವ ಐತೆ, ಆದ್ರೆ ಇದು ಸುಮ್ನೆ ಬಿಡೋ ಮಾತಲ್ಲ. ಸಮುದಾಯದಲ್ಲಿ ಹಂಗೊಂದು ರೂಢಿ ಐತೆ ಅಂತ ಕೋರ್ಟಲ್ಲಿ ಸಾಬೀತು ಮಾಡಿದ್ರೆ ಅದು ಬೇರೆ, ಇಲ್ಲಾಂದ್ರೆ ಬಾಂಡ್ ಪೇಪರ್ ಸೋಡಚೀಟಿಯಿಂದ ಹಿಂದೂ ಮದ್ವೆ ಮುರಿಯಲ್ಲ. ಅದಕ್ಕಿಂತ ದೊಡ್ಡದು ಮಕ್ಕಳದ್ದು. ಮಗುವಿನ ಜೀವನಾಂಶ ಮಗುವಿನ ಸ್ವಂತ ಹಕ್ಕು. ತಾಯಿ ಅದನ್ನ ಸಹಿ ಹಾಕಿ ಬಿಟ್ಟುಕೊಡೋಕೆ ಬರಲ್ಲ. "ನನಗೂ ನನ್ನ ಮಕ್ಕಳಿಗೂ ಏನೂ ಬೇಡ" ಅಂತ ಅವ್ಳು ಬರ್ಕೊಟ್ಟಿದ್ರೂ ನಾಳೆ ಮಕ್ಕಳ ಹೆಸ್ರಲ್ಲಿ ಅರ್ಜಿ ಹಾಕಿದ್ರೆ ಕೋರ್ಟ್ ತಗಂತೈತೆ. ಎರಡು ಲಕ್ಷ ಎಷ್ಟು ವರ್ಷ ಬರ್ತೈತೆ ಹೇಳಿ, ನಾಲ್ಕನೇತ್ತ ಓದೋ ಹುಡುಗಿಗೆ 18 ಆಗೋ ತನಕ?

ಮಸ್ಕಿ ಕಾಕಾ:
ಮಕ್ಕಳ ವಿಷಯದಾಗ ನೀ ಹೇಳಿದ್ದು ಒಪ್ಪಿದೆ. ಉಳಿದದ್ದು ಒಪ್ಪಂಗಿಲ್ಲ.

ಗಂಗಾವತಿ ಟೇಲರ್:
ನಂದೊಂದು ಪ್ರಶ್ನೆ. ನಮ್ಮದು ಮುಸ್ಲಿಂ ಮನೆ, ತಲಾಖ್ ಆಗಿ ಬಾಳ ದಿನ ಆತು, ನಾನು ಹೊಲಿಗಿ ಮಾಡಿ ಸ್ವಲ್ಪ ದುಡಿತೀನಿ. ಅದಕ್ಕ ಅವರ ಕಡಿಯವರು ಮಕ್ಕಳಿಗೂ ಏನೂ ಬರಂಗಿಲ್ಲ, ನೀನೇ ದುಡಿತೀಯಲ್ಲ ಅಂತಾರ. ಹೌದೇನ್ರಿ?

ಬಳ್ಳಾರಿ ವಕೀಲ:
ಸುಳ್ಳು ಅಕ್ಕ. ಮುಸ್ಲಿಂ ಮಕ್ಕಳಿಗೂ 125 ಅನ್ವಯಿಸ್ತೈತೆ ಅಂತ 1997ರಲ್ಲೇ ನೂರ್ ಸಬಾ ಖಾತೂನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳೈತೆ, ತಲಾಖ್ ಆಗಿದ್ರೂ ಮಕ್ಕಳ ಹಕ್ಕು ಹೋಗಲ್ಲ. 2024 ಜುಲೈನಲ್ಲಿ ತಲಾಖ್ ಆದ ಹೆಂಗಸರಿಗೂ ಈ ಸೆಕ್ಷನ್ ಬಾಗಿಲು ತೆರೆದೇ ಐತೆ ಅಂತ ಮತ್ತೆ ಹೇಳ್ತು. ನೀವು ದುಡಿಯೋದ್ರಿಂದ ನಿಮ್ಮ ಪಾಲು ಕಡಿಮೆ ಆಗ್ಬಹುದು, ಮಕ್ಕಳ ಪಾಲಿಗೆ ತಂದೆ ಜವಾಬ್ದಾರಿ ಹಂಗೇ ಇರ್ತೈತೆ.

ಹಗರಿ ದಂಡೆ:
ಎಲ್ಲಾರೂ ಹೆಣ್ಮಕ್ಕಳ ಪರನೇ ಮಾತಾಡ್ತೀರಿ, ಒಬ್ಬ ಗಂಡಸಿನ ಕಷ್ಟನೂ ಕೇಳಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್, ಸೀಸನ್ ಇದ್ರೆ ಕೆಲಸ ಇಲ್ಲಾಂದ್ರೆ ಖಾಲಿ ಕೈ. ಆದ್ರೂ ತಿಂಗಳು ತಪ್ಪದೆ ಮಗನಿಗೆ ದುಡ್ಡು ಕೊಡ್ತಿದೀನಿ, ಹೆಂಡ್ತಿ ಅಪ್ಪನ ಕೈಗೆ ಕೊಡ್ತೀನಿ, ರಸೀದಿ ಇಲ್ಲ. ಮಗನ ಮುಖ ತೋರ್ಸಲ್ಲ. ಹುಟ್ಟಿದ ಹಬ್ಬಕ್ಕೆ ಸೈಕಲ್ ತಗಂಡು ಹೋದ್ರೆ ಬಾಗ್ಲು ಹಾಕ್ಕಂಡ್ರು. ಮುಂದಿನ ತಿಂಗಳಿಂದ ನಿಲ್ಲಿಸಿಬಿಡ್ತೀನಿ ನೋಡೋಣ ಏನ್ ಮಾಡ್ತಾರೆ.

ಕೊಪ್ಪಳ ಟೀಚರ್:
ಅಣ್ಣಾರ, ಬಾಗಲಾ ಹಾಕ್ಕೊಂಡಿದ್ದು ತಪ್ಪೇ. ಆದ್ರ ನಿಲ್ಲಿಸಿದ್ರ ಉಪವಾಸ ಬೀಳೋದು ಅವರಪ್ಪ ಅಲ್ಲ, ನಿಮ್ಮ ಮಗ.

ಬಳ್ಳಾರಿ ವಕೀಲ:
ನಿಲ್ಲಿಸಬೇಡಿ, ನಿಲ್ಲಿಸಿದ್ರೆ ನೀವೇ ಸಿಕ್ಕಿಹಾಕ್ಕಂತೀರಿ. ದುಡ್ಡು ಬೇರೆ, ಮಗು ನೋಡೋ ಹಕ್ಕು ಬೇರೆ, ಒಂದನ್ನ ತೋರಿಸಿ ಇನ್ನೊಂದನ್ನ ತಡೆಯೋಕೆ ಅವ್ರಿಗೂ ಬರಲ್ಲ ನಿಮ್ಗೂ ಬರಲ್ಲ. ಮಗನ ಭೇಟಿಗೆ 1890ರ ಗಾರ್ಡಿಯನ್ಸ್ ಆಂಡ್ ವಾರ್ಡ್ಸ್ ಕಾಯ್ದೆ ಕೆಳಗೆ ಅರ್ಜಿ ಹಾಕಿ, ಬಳ್ಳಾರಿಯಲ್ಲಿ ಫ್ಯಾಮಿಲಿ ಕೋರ್ಟ್ ಐತೆ. ಕೆಲಸ ಕಡಿಮೆ ಆಗಿ ಮೊತ್ತ ಭಾರ ಆಗ್ತಿದ್ರೆ ಬಿಎನ್ಎಸ್ಎಸ್ ಸೆಕ್ಷನ್ 146ರಲ್ಲಿ ಕಡಿಮೆ ಮಾಡಿ ಅಂತ ಕೇಳಿ. ಅದೇ ಸೆಕ್ಷನಲ್ಲಿ ಅವ್ರು ಸ್ಕೂಲ್ ಫೀ ಜಾಸ್ತಿ ಆಯ್ತು ಅಂತ ಹೆಚ್ಚಿಗೆನೂ ಕೇಳ್ಬಹುದು, ಅದೂ ತಿಳ್ಕಂಡಿರಿ. ಮತ್ತೆ ಇವತ್ತಿಂದ ಕೈಗೆ ಕೊಡೋದು ಬಂದ್ ಮಾಡಿ, ಮಗುವಿನ ತಾಯಿ ಅಕೌಂಟಿಗೇ ಫೋನ್‌ಪೇ ಮಾಡಿ. ನಾಳೆ ಅವ್ರು ಒಂದ್ ರೂಪಾಯಿನೂ ಬಂದಿಲ್ಲ ಅಂದ್ರೆ ನಿಮ್ಮ ಹತ್ರ ತೋರ್ಸೋಕೆ ಏನೈತೆ?

ಹಗರಿ ದಂಡೆ:
ಅದು ಸರಿನೇ. ಈ ಆಲೋಚನೆ ನನಗೆ ಬಂದಿರ್ಲಿಲ್ಲ.

ಸಂಡೂರು ಹುಡುಗ:
ತಮ್ಮ ಅವ್ರೆ, ನಿಮ್ಮ ಭಾವ ಕಾಂಟ್ರ್ಯಾಕ್ಟ್ ಕೆಲಸ ಅಂದ್ರಲ್ಲ, ನಾನೂ ಆ ಲೈನಲ್ಲೇ ಇರೋದು. ನಮ್ಮಲ್ಲಿ ಗೇಟ್ ಪಾಸ್ ಮೇಲೆ ಕಾಂಟ್ರ್ಯಾಕ್ಟರ್ ಹೆಸರು ಇರ್ತದೆ. ಸಂಬಳ ಕೊಡೋದು ಪ್ಲಾಂಟ್ ಅಲ್ಲ, ಕಾಂಟ್ರ್ಯಾಕ್ಟರ್. ಎಷ್ಟೋ ಜನ ಪ್ಲಾಂಟ್ ಹೆಸರು ಹಾಕಿ ನೋಟಿಸ್ ಕಳಸ್ತಾರೆ, ಅವ್ರು ಇಂಥವನು ನಮ್ಮ ನೌಕರ ಅಲ್ಲ ಅಂತ ವಾಪಸ್ ಕಳಸ್ತಾರೆ, ಆರು ತಿಂಗಳು ಹೋಯ್ತು. ಮೊದ್ಲು ಕಾಂಟ್ರ್ಯಾಕ್ಟರ್ ಹೆಸರು ಪಕ್ಕಾ ಮಾಡ್ಕಳಿ. ಎರಡನೇದು, ಇವ್ರು ಕೇಸ್ ಅಂದ ತಕ್ಷಣ ಕಾಂಟ್ರ್ಯಾಕ್ಟರ್ ಬದಲಾಯ್ಸಿಬಿಡ್ತಾರೆ, ಅದೂ ಗಮನ ಇರ್ಲಿ.

ಬಳ್ಳಾರಿ ವಕೀಲ:
ಇದು ಚಿನ್ನದಂಥ ಮಾತು. ಸಂಬಳದಿಂದ ನೇರ ಕಡಿತ ಮಾಡ್ಸೋಕೆ ಎರಡು ದಾರಿ. ಒಂದು, 2005ರ ಡಿವಿ (ಕೌಟುಂಬಿಕ ಹಿಂಸೆ ತಡೆ) ಕಾಯ್ದೆ ಕೆಳಗೆ ಆರ್ಡರ್ ಇದ್ರೆ ಸೆಕ್ಷನ್ 20ರಲ್ಲೇ ಐತೆ, ದುಡ್ಡು ಕೊಡ್ದೆ ಹೋದ್ರೆ ಕೆಲಸ ಕೊಟ್ಟವನಿಗೇ ನೇರ ಹೆಂಡ್ತಿಗೆ ಕೊಡು ಇಲ್ಲಾ ಕೋರ್ಟಿಗೆ ಕಟ್ಟು ಅಂತ ಮ್ಯಾಜಿಸ್ಟ್ರೇಟ್ ಹೇಳ್ಬಹುದು. ಅಕ್ಕಗೆ ಹೊಡೆತ ಇತ್ತು ಅಂದ್ರಿ, ಹಂಗಾದ್ರೆ ಈ ಅರ್ಜಿ ಈಗ್ಲೂ ಹಾಕ್ಬಹುದು, ಆದ್ರೆ ಮೊದ್ಲ ಆರ್ಡರ್ ವಿಷಯ ಮುಚ್ಚಿಡಬಾರ್ದು, ಎರಡನ್ನೂ ಸೇರ್ಸಿ ಲೆಕ್ಕ ಹಾಕ್ತಾರೆ. ಎರಡನೇದು ಸಿವಿಲ್ ಕೋರ್ಟಿನ ಡಿಕ್ರಿ ಥರ ಸಂಬಳ ಅಟ್ಯಾಚ್, ಅಂದ್ರೆ ಜಪ್ತಿ, ಮಾಡ್ಸೋದು. ಸಿಪಿಸಿ (ಸಿವಿಲ್ ಕೇಸ್ ನಡೆಸೋ ಕಾಯ್ದೆ) ಸೆಕ್ಷನ್ 60 ಪ್ರಕಾರ ಬೇರೆ ಸಾಲಕ್ಕಾದ್ರೆ ಸಂಬಳದ ಹೆಚ್ಚಿನ ಭಾಗ ಮುಟ್ಟೋಕೆ ಬರಲ್ಲ, ಜೀವನಾಂಶಕ್ಕೆ ಮಾತ್ರ ಮೂರರಲ್ಲಿ ಒಂದು ಭಾಗ ಅವನಿಗೆ ಬಿಟ್ಟು ಉಳಿದದ್ದು ಹಿಡಿಬಹುದು. ಸರ್ಕಾರಿ ನೌಕರ, ಕೆಕೆಆರ್‌ಟಿಸಿ ಡ್ರೈವರ್ ಇಂಥವ್ರದ್ದು ಸಲೀಸು, ಸಂಬಳ ಮಾಡೋ ಆಫೀಸಿಗೆ ಆರ್ಡರ್ ಹೋದ್ರೆ ಮುಗೀತು. ಕಾಂಟ್ರ್ಯಾಕ್ಟಲ್ಲಿ ಬೆನ್ನು ಹತ್ತಬೇಕು. ಪಿಎಫ್ ಖಾತೆ ದುಡ್ಡು ಸಿಗುತ್ತೆ ಅಂತ ಆಸೆ ಇಟ್ಕಬೇಡಿ, ಅದಕ್ಕೆ ಕಾಯ್ದೆಯಲ್ಲೇ ರಕ್ಷಣೆ ಐತೆ. ಆದ್ರೆ ಪಿಎಫ್ ಕಟ್ ಆಗ್ತೈತೆ ಅಂದ್ರೆ ಕೆಲಸ ಮಾಡ್ತಿದಾನೆ ಅನ್ನೋದಕ್ಕೆ ಅದೇ ಸಾಕ್ಷಿ, ದಾಖಲೆ ತರಿಸಿ ಅಂತ ಕೋರ್ಟಿಗೆ ಅರ್ಜಿ ಕೊಡಿ.

ಸಿಂಧನೂರು ತಮ್ಮ:
ಕೇಸ್ ನಡಿವಾಗ ಕೋರ್ಟಿನಾಗ ಏನಂದ ಗೊತ್ತೇನ್ರಿ, ನಾನು ದಿನಗೂಲಿ, ತಿಂಗಳಿಗೆ 8,000 ಬರ್ತದ ಅಂದ. ಅವರಪ್ಪನ ಹೆಸರಲಿ ಕಾಲುವಿ ನೀರಿನ ಭತ್ತದ ಹೊಲ ಅದ, ಇವನ ಹೆಸರಲಿ ಎರಡು ಎಕರೆ ಇತ್ತು, ಅದನ್ನ ತಮ್ಮಗ ಬರದು ಕೊಟ್ಟಾನಂತ ಕೇಳೀವಿ.

ಬಳ್ಳಾರಿ ವಕೀಲ:
ಅಪ್ಪನ ಹೆಸ್ರಲ್ಲಿರೋದನ್ನ ನೇರ ಹಿಡಿಯೋಕಾಗಲ್ಲ. ಇವನ ಎರಡು ಎಕರೆ ಯಾವಾಗ ಬದಲಾಯ್ತು ಅಂತ ಪಹಣಿ, ಮ್ಯುಟೇಶನ್ ತೆಗೆಸಿ. ಕೇಸ್ ಹಾಕಿದ ಮೇಲೆ ಬರ್ದಿದ್ರೆ ಅದನ್ನ ಕೋರ್ಟ್ ಮುಂದೆ ಇಡಿ, ತಪ್ಪಿಸ್ಕಳ್ಳೋಕೆ ಮಾಡಿದ್ದು ಅಂತ ಎದ್ದು ಕಾಣ್ತೈತೆ. ಆಸ್ತಿ ಸಿಕ್ರೆ ಭೂಕಂದಾಯದ ಬಾಕಿ ವಸೂಲಿ ಮಾಡೋ ಥರ ಮಾಡಿ ಅಂತ ಡಿಸಿಗೆ ವಾರಂಟ್ ಕಳ್ಸೋ ಅಧಿಕಾರನೂ ಕೋರ್ಟಿಗೆ ಐತೆ. ಮತ್ತೆ 2020 ನವೆಂಬರ್ 4ರಂದು ರಜನೀಶ್ ವರ್ಸಸ್ ನೇಹಾ ಅಂತ ಸುಪ್ರೀಂ ಕೋರ್ಟ್ ತೀರ್ಪು ಬಂತು, ಆವತ್ತಿಂದ ಜೀವನಾಂಶದ ಕೇಸಲ್ಲಿ ಎರಡೂ ಕಡೆಯವ್ರು ಆಸ್ತಿ, ಆದಾಯ, ಸಾಲ ಎಲ್ಲಾ ಅಫಿಡವಿಟ್‌ನಲ್ಲಿ ಬರೀಬೇಕು. ನಿಮ್ಮ ಭಾವ ಆ ಅಫಿಡವಿಟ್‌ನಲ್ಲಿ 8,000 ಅಂತ ಬರ್ದಿದ್ರೆ, ಸಂಬಳದ ದಾಖಲೆ ಬೇರೆ ಹೇಳಿದ್ರೆ, ಸುಳ್ಳು ಪ್ರಮಾಣದ ವಿಚಾರ ಎತ್ಬಹುದು. ಆ ಅಫಿಡವಿಟ್ ಕಾಪಿ ಇಸ್ಕಂಡು ಓದಿ ನೋಡಿ, ಎಷ್ಟೋ ಜನ ಓದೋದೇ ಇಲ್ಲ.

ಕುಷ್ಟಗಿ ಸಂಘದಾಕಿ:
ಈ ಚರ್ಚೆದಾಗ ಒಂದು ಮಾತು ಸೇರಸ್ತೀನಿ, ಯಾರೂ ಎತ್ತಂಗಿಲ್ಲ ಅಂತ. ನಮ್ಮ ಕೊಪ್ಪಳ ರಾಯಚೂರು ಬಳ್ಳಾರಿ ಕಡಿ ದೇವದಾಸಿ ತಾಯಂದಿರು ಎಷ್ಟು ಮಂದಿ ಅದಾರ ಎಲ್ಲಾರಿಗೂ ಗೊತ್ತು. ಮುತ್ತು ಕಟ್ಟಿ ದೇವದಾಸಿ ಮಾಡೋದನ್ನ 1982ರ ಕಾಯ್ದೆದಾಗ ಬಂದ್ ಮಾಡಿದ್ರೂ ಮಕ್ಕಳ ಅಪ್ಪಂದಿರು ಅದೇ ಊರಾಗ ದೊಡ್ಡ ಮನ್ಯಾಗ ಇರ್ತಾರ, ಎದುರಿಗೆ ಸಿಕ್ರೂ ಗುರುತು ಹಿಡಿಯಂಗಿಲ್ಲ. ಮದುವಿ ಆಗಿಲ್ಲ ಅಂದ್ರ ಕೇಳಂಗಿಲ್ಲ ಅಂತ ನಮ್ಮ ಅಕ್ಕಂದಿರು ಸುಮ್ಮನಿರ್ತಾರ. ಆದ್ರ ಈ 125 ಅನ್ನೋ ಸೆಕ್ಷನ್ನಾಗ ಮೊದಲಿಂದ್ಲೂ ಮದುವಿ ಒಳಗ ಹುಟ್ಟಿದ ಕೂಸು, ಹೊರಗ ಹುಟ್ಟಿದ ಕೂಸು ಅಂತ ಭೇದ ಇಲ್ಲ. ಎರಡಕ್ಕೂ ಅಪ್ಪನೇ ನೋಡ್ಕೋಬೇಕು. 2025ರಾಗ ನಮ್ಮ ವಿಧಾನಮಂಡಲ ದೇವದಾಸಿ ಹೊಸ ಕಾಯ್ದೆ ಪಾಸ್ ಮಾಡ್ಯದ, ಅದರಾಗ ಮಕ್ಕಳು ಅಪ್ಪ ಯಾರಂತ ಗುರುತು ಮಾಡಿಸ್ಕೊಳ್ಳೋ ಹಕ್ಕಿನ ಮಾತೂ ಐತಿ. ಯಾರಿಗಾದ್ರೂ ಬೇಕಿದ್ರ ಧೈರ್ಯ ಮಾಡ್ರಿ, ವಕೀಲರ ಫೀ ಚಿಂತಿ ಬ್ಯಾಡ. ಹೆಣ್ಮಕ್ಕಳಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ. ತಾಲೂಕು ಕೋರ್ಟಿನಾಗೇ ಸಮಿತಿ ಇರತೈತಿ, ಇಲ್ಲಾಂದ್ರ 15100ಕ್ಕ ಫೋನ್ ಹಚ್ರಿ.

ಗಂಗಾವತಿ ಟೇಲರ್:
ಆ ಪುಕ್ಕಟೆ ವಕೀಲರು ಸರಿಯಾಗಿ ನೋಡ್ತಾರೇನ್ರಿ? ಪುಕ್ಕಟೆ ಅಂದ್ರ ಭಯ.

ಕೊಪ್ಪಳ ಟೀಚರ್:
ಹಂಗಿದ್ದವ್ರೂ ಅದಾರ, ಹಿಂಗಿದ್ದವ್ರೂ ಅದಾರ. ನನಗ ಬಂದಾಕಿ ಹೊಸದಾಗಿ ಸನ್ನದು ತಗೊಂಡ ಹುಡುಗಿ, ದುಡ್ಡು ತಗೊಂಡ ಹಳೇ ವಕೀಲರಿಗಿಂತ ಛಲೋ ಮಾಡಿದಳು. ಸರಿ ನೋಡದಿದ್ರ ಬದಲಿ ಕೊಡ್ರಿ ಅಂತ ಅರ್ಜಿ ಕೊಡು. ಯಾರೇ ಇರ್ಲಿ, ತಾರೀಖು ನೀನೇ ನೋಡ್ಕೋ, ಇ-ಕೋರ್ಟ್ಸ್ ಆಪ್‌ನಾಗ ನಿನ್ನ ಕೇಸಿನ ಸಿಎನ್ಆರ್ ನಂಬರ್ ಹಾಕಿದ್ರ ಮುಂದಿನ ತಾರೀಖು, ಅವತ್ತು ಏನಾತು ಎಲ್ಲಾ ಬರತೈತಿ. ಹೆಣ್ಮಕ್ಕಳಿಗೆ ಬಸ್ಸೂ ಫ್ರೀ ಆಗೈತಿ, ಖುದ್ದು ಹೋಗು, ಹೋದ್ರ ಕೆಲಸದ ತೂಕನೇ ಬ್ಯಾರೆ.

ಹಗರಿ ದಂಡೆ:
ಒಂದು ಡೌಟು ವಕೀಲ್ರೆ. ಒಂದು ತಿಂಗಳು ಜೈಲಲ್ಲಿ ಕೂತು ಬಂದ್ರೆ ಬಾಕಿ ಎಲ್ಲ ಮಾಫ್ ಅಂತ ನಮ್ಮ ಯೂನಿಟಲ್ಲಿ ಒಬ್ಬ ಹೇಳ್ತಿದ್ದ. ನಂದಲ್ಲ ಮಾರಾಯ್ರೆ, ಅವಂದು.

ಬಳ್ಳಾರಿ ವಕೀಲ:
ಇದನ್ನ ನಂಬ್ಕಂಡು ಎಷ್ಟೋ ಜನ ಒಳಗೆ ಹೋಗಿ ಬಂದ್ರು. ಜೈಲು ದುಡ್ಡು ಕೊಡ್ಸೋ ಒತ್ತಡ ಅಷ್ಟೆ, ದುಡ್ಡಿಗೆ ಬದ್ಲು ಅಲ್ಲ. ಕುಲದೀಪ್ ಕೌರ್ ಕೇಸಲ್ಲಿ ಸುಪ್ರೀಂ ಕೋರ್ಟು 1989ರಷ್ಟು ಹಿಂದೆನೇ ಸ್ಪಷ್ಟ ಮಾಡೈತೆ. ತಿಂಗಳು ಕೂತು ಹೊರಗೆ ಬಂದ್ರೂ ಬಾಕಿ ಹಂಗೇ ನಿಂತಿರ್ತೈತೆ, ಆಸ್ತಿ ಹಿಡಿಬಹುದು, ಮುಂದಿನ ಬಾಕಿಗೆ ಮತ್ತೆ ಅರ್ಜಿ ಹಾಕ್ಬಹುದು. ಮತ್ತೆ ಕೆಲಸ ಇಲ್ಲ ಅನ್ನೋದೂ ನಡಿಯಲ್ಲ, ಕೈಕಾಲು ಗಟ್ಟಿ ಇರೋನು ಕೂಲಿ ಮಾಡಿಯಾದ್ರೂ ಹೆಂಡ್ತಿ ಮಕ್ಕಳನ್ನ ಸಾಕ್ಬೇಕು ಅಂತ 2022ರಲ್ಲೂ ಅಂಜು ಗರ್ಗ್ ಕೇಸಲ್ಲಿ ಹೇಳಿದ್ದಾರೆ.

ಮಸ್ಕಿ ಕಾಕಾ:
ತಮ್ಮಾ, ನಿಮ್ಮ ಭಾವ ನೀವು ಕೇಸ್ ಹಾಕಿದ್ದು ನನಗ ಗೊತ್ತೇ ಇರಲಿಲ್ಲ ಅಂತ ಆರ್ಡರ್ ರದ್ದು ಮಾಡಸ್ತಾನೇನು? ನಮ್ಮೂರಾಗ ಒಬ್ಬಾಂವ ಹಂಗ ಮಾಡಿದ.

ಬಳ್ಳಾರಿ ವಕೀಲ:
ಎಕ್ಸ್‌ಪಾರ್ಟಿ, ಅಂದ್ರೆ ಅವ್ನು ಕೋರ್ಟಿಗೆ ಬರದೇ ಇದ್ದಾಗ, ಆರ್ಡರ್ ಆಗಿದ್ರೆ ಮೂರು ತಿಂಗಳ ಒಳಗೆ ಸರಿಯಾದ ಕಾರಣ ತೋರ್ಸಿ ಕೇಳ್ಬೇಕು. ಇವ್ರದ್ದು ವರ್ಷಕ್ಕೆ ಬಂತು. ಹೈಕೋರ್ಟಿಗೆ ಹೋಗ್ತೀನಿ ಅಂತ ಹೆದ್ರಿಸಿದ್ರೂ ಹೆದ್ರಬೇಡಿ. ಸಿಂಧನೂರು ರಾಯಚೂರು ಜಿಲ್ಲೆ ಅಲ್ವಾ, ಕಲಬುರಗಿ ಪೀಠಕ್ಕೆ ಹೋಗ್ಬೇಕು, ಬಳ್ಳಾರಿ ಕೊಪ್ಪಳದವ್ರಾದ್ರೆ ಧಾರವಾಡ. ಸುಮ್ನೆ ಅರ್ಜಿ ಹಾಕಿದ್ರೆ ಸ್ಟೇ ಸಿಕ್ಕಂಗಲ್ಲ, ಸ್ಟೇ ಕಾಗದ ತೋರ್ಸೋ ತನಕ ವಾರಂಟ್ ನಡೀತಾನೇ ಇರ್ತೈತೆ.

ಸಿಂಧನೂರು ತಮ್ಮ:
ಎಲ್ಲಾರಿಗೂ ಬಾಳ ಥ್ಯಾಂಕ್ಸ್ ರಿ. ನಿನ್ನಿ ಅಕ್ಕನ್ನ ಕರಕೊಂಡು ಕೋರ್ಟಿನಾಗಿನ ಕಾನೂನು ಸೇವಾ ಸಮಿತಿಗೆ ಹೋಗಿದ್ವಿ, ಒಬ್ಬ ಮೇಡಂ ವಕೀಲರನ್ನ ಕೊಟ್ಟಾರ, ಹಳೇ ವಕೀಲರ ಕಡಿಂದ ವಕೀಲರ ಬದಲಿಗೆ ಒಪ್ಪಿಗೆ ಕಾಗದ (ಎನ್ಓಸಿ) ಇಸ್ಕೊಂಡ್ವಿ, ಅವರು ಸ್ವಲ್ಪ ಸಿಟ್ಟಾದ್ರು, ಆಗ್ಲಿ. ಸಂಡೂರು ಅಣ್ಣ ಹೇಳಿದಂಗ ಕಾಂಟ್ರ್ಯಾಕ್ಟರ್ ಹೆಸರೂ ಸಿಕ್ತು, ಭಾವನ ಜೊತಿ ಕೆಲಸ ಮಾಡೋವರ ವಾಟ್ಸಾಪ್ ಸ್ಟೇಟಸ್‌ನಾಗ ಗೇಟ್ ಪಾಸ್ ಹಾಕ್ಕೊಂಡ ಫೋಟೋ ಇತ್ತು. ಸೋಮವಾರ ವಸೂಲಿ ಅರ್ಜಿ ಹಾಕ್ತಾರಂತ. ಒಂದೇ ಒಂದು ಕೇಳೋದದ, ಅವ ನಾಳೆ ಹೆದರಿ ಅರ್ಧ ರೊಕ್ಕ ತಂದುಕೊಟ್ಟು ಕೇಸ್ ಮುಗಿಸ್ರಿ ಅಂದ್ರ ಏನ್ ಮಾಡ್ಬೇಕು?

ಬಳ್ಳಾರಿ ವಕೀಲ:
ಇಸ್ಕಳ್ಳಿ, ಬೇಡ ಅನ್ನಬೇಡಿ. ಆದ್ರೆ ಕೋರ್ಟಲ್ಲೇ ಇಸ್ಕಂಡು, ಇಷ್ಟು ಬಂತು ಇಷ್ಟು ಬಾಕಿ ಅಂತ ಮೆಮೊ ಹಾಕ್ಸಿ. "ಪೂರ್ತಿ ಸಂದಾಯ ಆಯ್ತು" ಅಂತ ಬರ್ದಿರೋ ಯಾವ ಕಾಗದಕ್ಕೂ ಅಕ್ಕ ಸಹಿ ಹಾಕೋದು ಬೇಡ. ಮುಂದಿನ ತಿಂಗಳುಗಳದ್ದು ಅಕ್ಕನ ಬ್ಯಾಂಕ್ ಖಾತೆಗೆ ಹಾಕ್ಬೇಕು ಅಂತ ಅದೇ ದಿನ ಕೇಳಿ, ಪಾಸ್‌ಬುಕ್ ಜೆರಾಕ್ಸ್ ತಗಂಡು ಹೋಗಿ.

ಕೊಪ್ಪಳ ಟೀಚರ್:
ನೋಟು ಕೊಟ್ರ ಎಣಿಸೇ ತಗೋ.